ಕನಕಪುರ ಲೋಕಸಭಾ ಕ್ಷೇತ್ರ

ಬೆಂಗಳೂರಿನ ದಕ್ಷಿಣ ಅಂಚಿಗೆ ತಾಗಿಕೊಂಡಿದ್ದ, ಈಗ ಅಸ್ತಿತ್ವದಲ್ಲಿಲ್ಲದ ಲೋಕಸಭಾ ಕ್ಷೇತ್ರ. ಹೆಸರು ರೇಷ್ಮೆ, ರಾಗಿಯ ನಾಡಿನದಾದರೂ ಕೊನೆಯ ದಶಕದಲ್ಲಿ ಇದರ ಫಲಿತಾಂಶವನ್ನು ತೀರ್ಮಾನಿಸಿದ್ದು ನಗರದ ಹೊರವಲಯ. 1967ರಲ್ಲಿ ಎಂ.ವಿ. ರಾಜಶೇಖರನ್, 1971ರಲ್ಲಿ ಸಿ.ಕೆ. ಜಾಫರ್ ಷರೀಫ್, ಅನಂತರ ಹಲವು ಅವಧಿಗೆ ಎಂ.ವಿ. ಚಂದ್ರಶೇಖರ ಮೂರ್ತಿ ಗೆದ್ದು ಇದನ್ನು ಕಾಂಗ್ರೆಸ್ಸಿನ ಭದ್ರಕೋಟೆಯಾಗಿಸಿದ್ದರು. 1996ರಲ್ಲಿ ಜನತಾದಳದ ಎಚ್.ಡಿ. ಕುಮಾರಸ್ವಾಮಿ ಆ ಕೋಟೆ ಒಡೆದರು. ಆದರೆ ನಿಜವಾದ ಪಲ್ಲಟ 1998ರದು: ಹಳ್ಳಿಗಳಲ್ಲಿ ಬೇರೂರದಿದ್ದ ಬಿಜೆಪಿಯ ಎಂ. ಶ್ರೀನಿವಾಸ್ ಗೆದ್ದರು. ಹೊಸ ಬಡಾವಣೆಗಳಿಂದ ಉಬ್ಬಿ ರಾಜ್ಯದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದಾಗಿದ್ದ ಉತ್ತರಹಳ್ಳಿಯನ್ನು ಬಿಟ್ಟು ಆ ಗೆಲುವನ್ನು ವಿವರಿಸಲಾಗದು.

ಇಲ್ಲಿ ನಡೆದದ್ದು ಒಕ್ಕಲಿಗ ನಾಯಕರ ಪೈಪೋಟಿ ಮಾತ್ರ ಎಂಬ ಆಕ್ಷೇಪವಿದೆ. 2002ರ ಉಪಚುನಾವಣೆಯಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದ್ದು ಈ ವಾದಕ್ಕೆ ಬಲ ಕೊಡುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಎರಡೇ ವರ್ಷಗಳಲ್ಲಿ, 2004ರಲ್ಲಿ, ದೇವೇಗೌಡರು ಇಲ್ಲಿ ಮೂರನೆಯ ಸ್ಥಾನಕ್ಕಿಳಿದರು. ಪತ್ರಕರ್ತೆಯಾಗಿದ್ದ ಕಾಂಗ್ರೆಸ್ಸಿನ ತೇಜಸ್ವಿನಿ ಗೆದ್ದರು, ಬಿಜೆಪಿಯ ರಾಮಚಂದ್ರಗೌಡ ಎರಡನೆಯವರಾದರು. ಶಿವಕುಮಾರ್ ಅವರ ಸಂಘಟನೆ ಕಾಂಗ್ರೆಸ್ಸನ್ನು ಗೆಲ್ಲಿಸಿತೆನ್ನೋಣ. ಬಿಜೆಪಿ ಎರಡನೆಯ ಸ್ಥಾನಕ್ಕೇರಿದ್ದಕ್ಕೆ ಆ ಪೈಪೋಟಿಯಲ್ಲಿ ಉತ್ತರವಿಲ್ಲ, ನಗರದಂಚಿನ ಮತದಲ್ಲಿದೆ. 2008ರ ಪುನರ್ವಿಂಗಡಣೆ ಉತ್ತರಹಳ್ಳಿಯನ್ನು ಒಡೆದು, ಕನಕಪುರ ಕ್ಷೇತ್ರವನ್ನೇ ರದ್ದುಮಾಡಿತು. ಅದರ ಬಹುಭಾಗ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು. 2009ರಲ್ಲಿ ಆ ಹೊಸ ಕ್ಷೇತ್ರದ ಮೊದಲ ಸಂಸದರಾದವರು ಕುಮಾರಸ್ವಾಮಿ.