ಸುಣ್ಣ, ಕ್ಲೋರಿನ್, ಗಾಳಿ: ಬಚ್ಚಲಿನ ಬೂಷ್ಟಿನ ಚರಿತ್ರೆ

ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬಯಿಯ ಅನೇಕ ಮನೆಗಳ ಬಚ್ಚಲುಗಳಲ್ಲಿ ಒಂದೇ ಬಗೆಯ ಚಿತ್ರ ಕಾಣಸಿಗುತ್ತದೆ: ಟೈಲುಗಳ ಸಂದಿನಲ್ಲಿ ಕಪ್ಪು ಗೆರೆ, ಛಾವಣಿಯ ಮೂಲೆಯಲ್ಲಿ ಮಸಿ ಚಿಮುಕಿಸಿದಂಥ ಚುಕ್ಕಿಗಳು, ಬಾಗಿಲಿನ ಕೆಳಅಂಚಿನಲ್ಲಿ ಬೂದುಬಣ್ಣದ ಪೊರೆ. ನಾಲ್ಕು ತಿಂಗಳಲ್ಲಿ 2000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಇದು ಅಚ್ಚರಿಯ ಸಂಗತಿಯೇನಲ್ಲ. ತಿಕ್ಕಿ ತೊಳೆದರೆ ಹೋಗುತ್ತದೆ. ಕೆಲವು ವಾರಗಳಲ್ಲಿ ಮತ್ತೆ ಮೂಡುತ್ತದೆ. ಅದು ಮೂಡಿದಾಗಲೆಲ್ಲ ಮನೆಯೊಳಗೆ ಒಂದು ಪ್ರಶ್ನೆಯೂ ಮೂಡುತ್ತದೆ: ತಪ್ಪು ಯಾರದು? ಸರಿಯಾಗಿ ತಿಕ್ಕದ ಕೈಯದೋ, ಗಾಳಿಯಾಡದ ಗೋಡೆಯದೋ? ಕ್ಷುಲ್ಲಕವೆಂದು ತೋರುವ ಈ ಪ್ರಶ್ನೆಗೆ ಬಹು ದೀರ್ಘವಾದ ಚರಿತ್ರೆಯಿದೆ.

ಮೊದಲು ಶತ್ರುವಿನ ಪರಿಚಯ ಮಾಡಿಕೊಳ್ಳೋಣ. ನಮ್ಮ ಭಾಷೆ ಈ ವಿಷಯದಲ್ಲಿ ಸಾಕಷ್ಟು ಸೂಕ್ಷ್ಮವಾಗಿದೆ. ಬಾವಿಕಟ್ಟೆಯ ಮೇಲೆ, ಅಂಗಳದ ಕಲ್ಲಿನ ಮೇಲೆ ಹಸಿರಾಗಿ ಜಾರುವುದು ಪಾಚಿ ಅಥವಾ ಹಾವಸೆ. ಹಳಸಿದ ರೊಟ್ಟಿಯ ಮೇಲೆ, ತೇವ ತಾಗಿದ ಚಪ್ಪಲಿಯ ಮೇಲೆ, ಕಪಾಟಿನಲ್ಲಿಟ್ಟ ಪುಸ್ತಕದ ಬೆನ್ನಿನ ಮೇಲೆ ಕೂರುವುದು ಬೂಷ್ಟು. ಪಾಚಿಗೆ ಬೆಳಕು ಬೇಕು, ಏಕೆಂದರೆ ಅದು ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೂಷ್ಟಾದರೋ ಶಿಲೀಂಧ್ರ, ಅದಕ್ಕೆ ಬೆಳಕು ಬೇಡ, ತೇವ ಮತ್ತು ಒಂದಿಷ್ಟು ಸಾವಯವ ಆಹಾರ ಸಾಕು. ಬಚ್ಚಲಿನಲ್ಲಿ ಸಾಬೂನಿನ ಜಿಡ್ಡು, ಚರ್ಮದಿಂದ ಉದುರಿದ ಪೊರೆ, ಎಣ್ಣೆಯ ಪಸೆ ಇವೇ ಅದರ ಅನ್ನ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ತನ್ನ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕಂಡ ಬೂಷ್ಟಿನ ಚಿತ್ರವನ್ನು ಬರೆದು ತೋರಿಸಿದ. ಪುಸ್ತಕವೊಂದರ ಚರ್ಮದ ಹೊದಿಕೆಯ ಮೇಲೆ ಬೆಳೆದಿದ್ದ ಕೊಳೆ ಎಂದು ಜನ ಒರೆಸಿ ಎಸೆಯುತ್ತಿದ್ದುದು ಕಾಂಡವೂ ತಲೆಯೂ ಇದ್ದ ಒಂದು ಪುಟ್ಟ ತೋಟವಾಗಿತ್ತು!

ಸೂಕ್ಷ್ಮದರ್ಶಕ ಬರುವುದಕ್ಕೆ ಬಹಳ ಹಿಂದೆಯೇ ಮನುಷ್ಯ ಗೋಡೆಯ ಕಲೆಗೆ ಹೆದರಿದ್ದ. ಬೈಬಲ್ಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಇದಕ್ಕೊಂದು ಸಂಪೂರ್ಣ ವಿಧಿಯೇ ಇದೆ. ಗೋಡೆಯಲ್ಲಿ ಹಸಿರು ಅಥವಾ ಕೆಂಪು ಬಣ್ಣದ ಕಲೆಗಳು ಕಂಡರೆ ಮನೆಯವನು ಯಾಜಕನಿಗೆ ತಿಳಿಸಬೇಕು. ಯಾಜಕ ಬಂದು ನೋಡಿ ಮನೆಯನ್ನು ಏಳು ದಿನ ಮುಚ್ಚಿಸುತ್ತಾನೆ. ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು ಊರಾಚೆ ಎಸೆದು, ಒಳಗೋಡೆಯನ್ನು ಕೆರೆದು, ಹೊಸ ಕಲ್ಲಿಟ್ಟು ಹೊಸ ಗಾರೆ ಬಳಿಯಬೇಕು. ಅಷ್ಟಾಗಿಯೂ ಕಲೆ ಮರಳಿದರೆ ಮನೆಯನ್ನೇ ಕೆಡವಬೇಕು. ಆ ಕಲೆ ಇಂದು ನಾವು ಹೇಳುವ ಬೂಷ್ಟೇ ಎಂದು ಖಚಿತವಾಗಿ ಹೇಳಲಾಗದಿದ್ದರೂ ವಿಧಿಯ ತರ್ಕ ಗಮನಾರ್ಹ. ದೋಷ ಇರುವುದು ಗೋಡೆಯಲ್ಲಿ. ಆದ್ದರಿಂದ ಚಿಕಿತ್ಸೆಯೂ ಗೋಡೆಗೇ.

ನಮ್ಮ ನಾಡಿನ ಹಳೆಯ ಮನೆಗಳು ಇದೇ ತರ್ಕವನ್ನು ಶಾಸ್ತ್ರದ ಮಾತಿಲ್ಲದೆ ಪಾಲಿಸಿದ್ದವು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬಚ್ಚಲುಮನೆ ಸಾಮಾನ್ಯವಾಗಿ ಮನೆಯ ಹಿಂಬದಿಯಲ್ಲಿ, ಮಲಗುವ ಕೋಣೆಗಳಿಂದ ದೂರದಲ್ಲಿರುತ್ತಿತ್ತು. ಮೂಲೆಯಲ್ಲಿ ಹೂತ ತಾಮ್ರದ ಹಂಡೆ, ಅದರ ಕೆಳಗೆ ತೆಂಗಿನ ಮಡಲು, ಅಡಕೆಯ ಸೋಗೆ, ಸೌದೆ ಉರಿಯುವ ಒಲೆ. ಆ ಬೆಂಕಿ ನೀರನ್ನಷ್ಟೇ ಕಾಯಿಸುತ್ತಿರಲಿಲ್ಲ, ಕೋಣೆಯನ್ನೂ ಒಣಗಿಸುತ್ತಿತ್ತು. ಹೊಗೆ ಹೆಂಚಿನ ಸಂದುಗಳಿಂದ ಹೊರಬೀಳುವಾಗ ಹಬೆಯನ್ನೂ ಜತೆಗೆ ಒಯ್ಯುತ್ತಿತ್ತು. ಗೋಡೆಗಳು ಕಪ್ಪಾಗಿರುತ್ತಿದ್ದುದು ನಿಜ, ಆದರೆ ಆ ಕಪ್ಪು ಬಹುಮಟ್ಟಿಗೆ ಮಸಿಯದು. ದೀಪಾವಳಿಯ ಮುನ್ನಾದಿನದ ‘ನೀರು ತುಂಬುವ ಹಬ್ಬ’ದಂದು ಬಚ್ಚಲನ್ನು ತೊಳೆದು, ಹಂಡೆಯನ್ನು ಬೆಳಗಿ, ಸುಣ್ಣ ಮತ್ತು ಕೆಮ್ಮಣ್ಣಿನ ಗೆರೆಗಳನ್ನೆಳೆದು ಸಿಂಗರಿಸುವ ಪದ್ಧತಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಮಳೆಗಾಲ ಕಳೆದ ಕೂಡಲೇ ಬರುವ ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವುದರಲ್ಲಿ ಔಚಿತ್ಯವೂ ಇತ್ತು. ಹಸಿ ಸುಣ್ಣ ತೀವ್ರ ಕ್ಷಾರ. ಅದರಲ್ಲಿ ಬೂಷ್ಟಿನ ಬೀಜಕಣಗಳು ಚಿಗುರಲಾರವು. ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಅದು ಮತ್ತೆ ಸುಣ್ಣದಕಲ್ಲಾಗುತ್ತದೆ, ಆಗ ಕ್ಷಾರಗುಣ ಕುಗ್ಗುತ್ತದೆ. ಅದಕ್ಕೇ ಕೆಲಸ ಒಮ್ಮೆಗೆ ಮುಗಿಯುವುದಿಲ್ಲ, ವರ್ಷವರ್ಷವೂ ಬಳಿಯಬೇಕು. ಇಷ್ಟಾಗಿ, ಸುಣ್ಣದ ಗೋಡೆ ಉಸಿರಾಡುತ್ತದೆ. ಹೀರಿದ ತೇವವನ್ನು ಬಿಸಿಲು ಬಂದಾಗ ಹೊರಬಿಡುತ್ತದೆ. ಪ್ಲಾಸ್ಟಿಕ್ ಪೇಂಟಿನ ಗೋಡೆಗೆ ಈ ಗುಣವಿಲ್ಲ.

ಸುಣ್ಣ ಗೋಡೆಯನ್ನು ಕಾಯುತ್ತಿತ್ತು. ಈಗಾಗಲೇ ಕೂತ ಕಲೆಯನ್ನು ಅಳಿಸುವ ಅಸ್ತ್ರ ಬಂದದ್ದು ಯುರೋಪಿನ ಬಟ್ಟೆಯ ಉದ್ಯಮದಿಂದ. 1774ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಹಸಿರು ಮಿಶ್ರಿತ ಹಳದಿಯ ಒಂದು ಘಾಟು ಅನಿಲವನ್ನು ತಯಾರಿಸಿದ; 1810ರಲ್ಲಿ ಹಂಫ್ರಿ ಡೇವಿ ಅದನ್ನು ಮೂಲಧಾತುವೆಂದು ಗುರುತಿಸಿ ಕ್ಲೋರಿನ್ ಎಂದು ಕರೆದ. ಈ ನಡುವೆ ಫ್ರಾನ್ಸಿನ ಬರ್ತೊಲೆ ಅದರ ಬಿಳುಪುಗೊಳಿಸುವ ಶಕ್ತಿಯನ್ನು ಬಳಕೆಗೆ ತಂದಿದ್ದ. ಪ್ಯಾರಿಸ್ ಬಳಿಯ ಜಾವೆಲ್‌ನಲ್ಲಿ ತಯಾರಾದ ದ್ರಾವಣಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿತು. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಆ ಅನಿಲವನ್ನು ಅರಳಿದ ಸುಣ್ಣಕ್ಕೆ ಹೀರಿಸಿ ಬ್ಲೀಚಿಂಗ್ ಪೌಡರಿನ ಹಕ್ಕುಪತ್ರ ಪಡೆದ. ಮುನಿಸಿಪಾಲಿಟಿಯವರು ಇಂದಿಗೂ ಚರಂಡಿಯ ಅಂಚಿಗೆ ಚೆಲ್ಲುವ ಬಿಳಿಪುಡಿಯಲ್ಲಿ ನಮ್ಮ ಹಳೆಯ ಸುಣ್ಣವೂ ಯುರೋಪಿನ ಹೊಸ ಅನಿಲವೂ ಹೀಗೆ ಒಂದಾಗಿವೆ. 1820ರ ದಶಕದಲ್ಲಿ ಲಬರಾಕ್ ಎಂಬ ಔಷಧ ತಯಾರಕ ಇಂಥ ದ್ರಾವಣಗಳಿಂದ ಕೊಳೆತ ದುರ್ನಾತವನ್ನು ತಡೆಯಬಹುದೆಂದು ತೋರಿಸಿದ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ವೈದ್ಯರ ಕೈಗಳನ್ನು ಅದರಿಂದಲೇ ತೊಳೆಸಿ ಬಾಣಂತಿಯರ ಸಾವನ್ನು ಇಳಿಸಿದ. ಬಟ್ಟೆಯಿಂದ ಕೈಗೆ, ಕೈಯಿಂದ ಮನೆಯ ಗೋಡೆಗೆ ಬ್ಲೀಚು ಬಂದು ಸೇರಿತು.

ಈ ಕಥೆಗೊಂದು ಕರಾಳ ಮುಖವೂ ಇದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ ಬಳಿ ಜರ್ಮನ್ ಸೇನೆ ಇದೇ ಕ್ಲೋರಿನ್ನನ್ನು ಶತ್ರುಗಳ ಕಂದಕಗಳತ್ತ ಹರಿಯಬಿಟ್ಟಿತು. ಅದೇ ಯುದ್ಧದಲ್ಲಿ, ಅದೇ ವರ್ಷ, ಹೆನ್ರಿ ಡೇಕಿನ್ ಕ್ಲೋರಿನ್ನಿನಿಂದಲೇ ಆದ ಹೈಪೋಕ್ಲೋರೈಟಿನ ಸೌಮ್ಯ ದ್ರಾವಣದಿಂದ ಸೈನಿಕರ ಗಾಯಗಳನ್ನು ತೊಳೆಯುವ ವಿಧಾನವನ್ನು ರೂಪಿಸಿದ. ಕೊಲ್ಲುವುದೂ ಕಾಯುವುದೂ ಒಂದೇ ಧಾತು. ಇದು ಚರಿತ್ರೆಯ ಪುಟದಲ್ಲಷ್ಟೇ ಉಳಿದ ಸಂಗತಿಯಲ್ಲ. ನಮ್ಮ ಬಚ್ಚಲುಗಳಲ್ಲಿ ಕಮೋಡು ತೊಳೆಯುವ ಆಮ್ಲದ ಬಾಟಲಿಯೂ ಬ್ಲೀಚಿನ ಬಾಟಲಿಯೂ ಅಕ್ಕಪಕ್ಕದಲ್ಲೇ ಇರುತ್ತವೆ. ಎರಡನ್ನೂ ಬೆರೆಸಿದರೆ ಇನ್ನೂ ಹೆಚ್ಚು ಸ್ವಚ್ಛವಾದೀತೆಂಬ ಭ್ರಮೆ ಅಪಾಯಕಾರಿ. ಬೆರೆತೊಡನೆ ಹೊಮ್ಮುವುದು ಆ ಕಂದಕಗಳ ಅನಿಲವೇ. ಕಿಟಕಿಯಿಲ್ಲದ ನಾಲ್ಕಡಿಯ ಕೋಣೆಯಲ್ಲಿ ಅದನ್ನು ಉಸಿರಾಡಬೇಕಾಗಿ ಬರುವುದು ಹೆಚ್ಚಾಗಿ ಗೃಹಿಣಿ ಅಥವಾ ಮನೆಗೆಲಸದವಳು.

ಆ ಕೋಣೆಗೆ ಕಿಟಕಿ ಏಕಿಲ್ಲ ಎಂಬುದೂ ಚರಿತ್ರೆಯ ಪ್ರಶ್ನೆಯೇ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದಾಗ ಆಡಳಿತದ ಕಣ್ಣು ಬಿದ್ದದ್ದು ಕತ್ತಲೆ, ತೇವ ತುಂಬಿದ ಚಾಳುಗಳ ಮೇಲೆ. ಮನೆಗಳಿಗೆ ಸುಣ್ಣ ಬಳಿಸಿದರು, ಔಷಧ ಸಿಂಪಡಿಸಿದರು, ಬೆಳಕು ಬೀಳಲೆಂದು ಹೆಂಚುಗಳನ್ನು ತೆಗೆಸಿದರು, ವಾಸಕ್ಕೆ ಅಯೋಗ್ಯವೆಂದು ಬಾಗಿಲುಗಳ ಮೇಲೆ ಗುರುತು ಬರೆದರು. ಪ್ಲೇಗು ಹರಡುತ್ತಿದ್ದುದು ಇಲಿಯ ಚಿಗಟದಿಂದ, ತೇವದಿಂದಲ್ಲ ಎಂಬುದು ಸ್ಥಿರಪಡಲು ಇನ್ನೂ ಸುಮಾರು ಹತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಬಡವರ ‘ಕೊಳಕು ಅಭ್ಯಾಸ’ಗಳೇ ರೋಗದ ಮೂಲವೆಂಬ ಮಾತು ವರದಿಗಳಲ್ಲಿ ಬೇರೂರಿತ್ತು. ಆದರೂ ಆ ತಪ್ಪು ಸಿದ್ಧಾಂತದಿಂದ ಒಂದು ಒಳ್ಳೆಯ ಫಲವೂ ದೊರೆಯಿತು. 1898ರಲ್ಲಿ ಸ್ಥಾಪನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್, ಬೆಳಕು ಕೋಣೆಯ ಬುಡದವರೆಗೆ ಇಳಿಯಬೇಕೆಂದು ಅರವತ್ತಮೂರೂವರೆ ಡಿಗ್ರಿಯ ಕೋನದ ನಿಯಮವನ್ನು ತಂದಿತು. ಎದುರಿನ ಕಟ್ಟಡದ ಎತ್ತರದ ಅರ್ಧದಷ್ಟಾದರೂ ಬಯಲು ನಡುವೆ ಇರಬೇಕೆಂಬುದು ಇದರ ಸರಳ ಅರ್ಥ.

ಇದೇ ಟ್ರಸ್ಟಿನ ದಾದರ್-ಮಾಟುಂಗಾ ಬಡಾವಣೆಗಳಲ್ಲಿ ದಕ್ಷಿಣ ಭಾರತದವರು ನೆಲೆನಿಂತರು. ಮುಂಬಯಿ ಕನ್ನಡಿಗರ ಸಾಂಸ್ಕೃತಿಕ ಬದುಕಿಗೂ ಈ ಪರಿಸರ ನೆಲೆಯಾಯಿತು. ಚಾಳಿನಲ್ಲಿ ಕೋಣೆಯ ಮೂಲೆಯ ಮೋರಿಯೇ ಸ್ನಾನದ ಜಾಗ, ಶೌಚಾಲಯ ಓಣಿಯ ಕೊನೆಯಲ್ಲಿ. ಮಾಟುಂಗಾದ ಫ್ಲ್ಯಾಟುಗಳಲ್ಲಿ ಎರಡೂ ಮನೆಯೊಳಗೇ ಬಂದವು. ಚರಿತ್ರಕಾರ ನಿಖಿಲ್ ರಾವ್ ಈ ಬದಲಾವಣೆಯನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಮಡಿ-ಮೈಲಿಗೆಯ ಕಟ್ಟುಪಾಡಿನವರಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಬಚ್ಚಲು ಒಳಗೆ ಬಂತು, ಒಲೆ ಮಾತ್ರ ಹೊರಗುಳಿಯಿತು. ಸುಣ್ಣ ಹೋಗಿ ಟೈಲು ಬಂತು, ಜಾಗ ತುಟ್ಟಿಯಾದಂತೆ ಕಿಟಕಿ ಕಿರಿದಾಗಿ ಇಕ್ಕಟ್ಟಾದ ಡಕ್ಟಿನ ಕಡೆಗೆ ಮುಖಮಾಡಿತು. ನೀರು ಮೊದಲಿಗಿಂತ ಹೆಚ್ಚಾಯಿತು, ಒಣಗುವ ದಾರಿ ಕಡಿಮೆಯಾಯಿತು. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಇನ್ನೇನು ಬೇಕು?

ಇದರ ಬೆಲೆ ಬರಿಯ ಅಂದಗೆಡುವುದಷ್ಟೇ ಅಲ್ಲ. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಉಸಿರಾಟದ ತೊಂದರೆಗಳೂ ಆಸ್ತಮಾ ಉಲ್ಬಣಿಸುವುದೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. 2020ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಮನೆಯಲ್ಲಿನ ಬೂಷ್ಟಿಗೆ ಬಹುಕಾಲ ಒಡ್ಡಿಕೊಂಡದ್ದೇ ಕಾರಣವೆಂದು 2022ರಲ್ಲಿ ವಿಚಾರಣಾಧಿಕಾರಿ ನಿರ್ಣಯಿಸಿದರು. ಹೆತ್ತವರು ಮತ್ತೆ ಮತ್ತೆ ದೂರಿದ್ದರೂ, ಅವರ ಜೀವನಶೈಲಿಯೇ ಕಾರಣವೆಂಬ ಊಹೆ ದುರಸ್ತಿಗೆ ಅಡ್ಡಬಂದಿತ್ತು. ಆ ಬಳಿಕ ಬಂದ ಕಾನೂನು, ನಿಗದಿತ ಅವಧಿಯೊಳಗೆ ಪರಿಶೀಲಿಸಿ ಸರಿಪಡಿಸುವ ಹೊಣೆಯನ್ನು ಅಲ್ಲಿನ ಸಾಮಾಜಿಕ ವಸತಿಯ ಮಾಲೀಕರ ಮೇಲೆ ಹೊರಿಸಿತು. ಪ್ಲೇಗಿನ ಕಾಲದ ಮುಂಬಯಿಯಲ್ಲಿ ಕೇಳಿಬಂದ ದೋಷಾರೋಪವೇ ನೂರಿಪ್ಪತ್ತು ವರ್ಷಗಳ ಬಳಿಕ ಇನ್ನೊಂದು ದೇಶದಲ್ಲಿ ಮರುದನಿಸಿತ್ತು.

ಇಷ್ಟು ಚರಿತ್ರೆಯನ್ನು ಬಲ್ಲವರು ಬಚ್ಚಲನ್ನು ಹೇಗೆ ತೊಳೆಯಬೇಕು? ಮೊದಲು ಸಾಬೂನು ನೀರಿನಿಂದ ಜಿಡ್ಡನ್ನು ತೆಗೆಯಬೇಕು. ಜಿಡ್ಡಿದ್ದಲ್ಲಿ ಬ್ಲೀಚಿನ ಶಕ್ತಿ ವ್ಯರ್ಥವಾಗುತ್ತದೆ. ಒಣಗಿದ ಬೂಷ್ಟನ್ನು ಹಾಗೆಯೇ ಉಜ್ಜಿದರೆ ಬೀಜಕಣಗಳು ಹಾರುತ್ತವೆ, ಆದ್ದರಿಂದ ಒದ್ದೆ ಮಾಡಿಯೇ ತಿಕ್ಕಬೇಕು. ಟೈಲು, ಗಾಜಿನಂಥ ಗಟ್ಟಿ ಮೇಲ್ಮೈಗೆ ಒಂದು ಪಾಲು ಬ್ಲೀಚಿಗೆ ಹದಿನೈದು ಪಾಲು ನೀರು ಸಾಕು. ಕೈಗವಸು ತೊಟ್ಟು, ಬಾಗಿಲು ತೆರೆದು, ಬೇರೆ ಯಾವ ರಾಸಾಯನಿಕವನ್ನೂ ಬೆರೆಸದೆ. ಪ್ಲಾಸ್ಟರು, ಮರದಂಥ ರಂಧ್ರಮಯ ವಸ್ತುಗಳಲ್ಲಿ ಬ್ಲೀಚು ಬಣ್ಣವನ್ನಷ್ಟೇ ತೆಗೆಯುತ್ತದೆ, ಒಳಗಿಳಿದ ಎಳೆಗಳು ಉಳಿಯುತ್ತವೆ. ಕಪ್ಪಾದ ಸಿಲಿಕೋನ್ ಪಟ್ಟಿಯನ್ನು ಕತ್ತರಿಸಿ ಹೊಸದನ್ನು ಹಾಕುವುದೇ ಲೇಸು. ಸ್ನಾನದ ಬಳಿಕ ಗೋಡೆಯ ನೀರನ್ನು ಎಳೆದುಹಾಕಿ ಅರ್ಧ ಗಂಟೆ ಫ್ಯಾನು ಓಡಿಸಿದರೆ ಬಾಟಲಿಯ ಅಗತ್ಯವೇ ಕಡಿಮೆಯಾದೀತು. ಹಂಡೆಯೊಲೆ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಈ ಪುಟ್ಟ ಫ್ಯಾನು ಮಾಡುತ್ತದೆ.

ಇಷ್ಟೆಲ್ಲ ಮಾಡಿಯೂ ಅದೇ ಜಾಗದಲ್ಲಿ ಕಲೆ ಮರಳಿದರೆ, ಮೇಲಿನ ಮನೆಯ ಕೊಳಾಯಿಯನ್ನೂ ಹೊರಗೋಡೆಯ ಬಿರುಕನ್ನೂ ಪರೀಕ್ಷಿಸಬೇಕು. ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಈ ಮಾತನ್ನೆತ್ತಲು ಸಂಕೋಚ ಬೇಡ. ಯಾಜಕಕಾಂಡದ ಪುರೋಹಿತ ಮನೆಯವರನ್ನು ಗದರಿಸಲಿಲ್ಲ, ಕಲ್ಲನ್ನು ಕೀಳಿಸಿದ. ತಿಕ್ಕುವ ಕೈಯನ್ನು ದೂರುವ ಮೊದಲು ಗೋಡೆಯನ್ನು ಕೇಳುವ ಆ ಹಳೆಯ ವಿವೇಕ ನಮ್ಮ ಮನೆಗಳಿಗೂ ಬರಬೇಕಾಗಿದೆ.