ಹಗರಣದ ರಾತ್ರಿ

ಅಕ್ಟೋಬರ್ 31. ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಹ್ಯಾಲೋವೀನ್ ಪಾರ್ಟಿ. ಅಕೌಂಟ್ಸ್‌ನವರೆಲ್ಲ ದೆವ್ವ, ಟೆಸ್ಟಿಂಗ್ ಟೀಮಿನವರು ಡ್ರಾಕುಲಾ. ಸಂಜೆ ಲೈವ್ ಬ್ಯಾಂಡ್ ಬೇರೆ, ಕಾಲಿಡೋಕೂ ಜಾಗ ಇಲ್ಲ. ಪಕ್ಕದಲ್ಲಿದ್ದ ಗೆಳೆಯ ಕಿವಿಯ ಹತ್ರ ಬಂದು ಕೂಗಿದ: ‘ನಿಮ್ಮ ಅಂಕೋಲೆ ಕಡೆ ಇಂಥದ್ದೆಲ್ಲ ಇಲ್ಲ ಅಲ್ವಾ?’

‘ಇದೆ. ಹಗರಣ ಅಂತಾರೆ’ ಅಂದೆ.

‘ಎಷ್ಟು ಕೋಟಿದು?’ ಅಂದ.

ಅವನ ತಪ್ಪೇನಿಲ್ಲ. ಪೇಪರ್ ಓದುವ ಯಾರಿಗಾದರೂ ಹಗರಣ ಅಂದ್ರೆ ದುಡ್ಡು ನುಂಗೋದು. ಆದರೆ ಪದ ಬಹಳ ಹಳೆಯದು. ಹಳಗನ್ನಡದಲ್ಲಿ ಅದು ‘ಪಗರಣ’, ಅಂದರೆ ವೇಷ ಹಾಕಿ ನಗಿಸುವ ಆಟ. ಪಾಲು ಹಾಲಾಯಿತು, ಪೂ ಹೂವಾಯಿತು, ಪಗರಣ ಹಗರಣವಾಯಿತು. ಅದರ ಬೇರು ಸಂಸ್ಕೃತ ನಾಟಕದ ‘ಪ್ರಕರಣ’ದಲ್ಲಿದೆ ಎನ್ನುತ್ತಾರೆ ನಿಘಂಟುಕಾರರು. ಆಟದಿಂದ ಗೇಲಿಗೆ, ಗೇಲಿಯಿಂದ ರಾದ್ಧಾಂತಕ್ಕೆ ಜಾರಿದ ಮಾತು ಕೊನೆಗೆ ಲಂಚದ ಸುದ್ದಿಯಲ್ಲಿ ಬಂದು ಕೂತಿದೆ. ಹಳೇ ಅರ್ಥ ಇನ್ನೂ ಉಸಿರಾಡುತ್ತಿರುವುದು ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ.

ಹೊನ್ನಾವರದಿಂದ ಕಾರವಾರದವರೆಗೆ ಹಬ್ಬಿರುವ ಜನ ಇವರು. ಹೋಳಿ ಹುಣ್ಣಿಮೆ ಹೊತ್ತಿಗೆ ಸುಗ್ಗಿ. ತಲೆಗೆ ಬಣ್ಣದ ತುರಾಯಿ ಕಟ್ಟಿ, ಗುಮಟೆ-ಜಾಗಟೆ ಬಡಿತಕ್ಕೆ ಮನೆಯಂಗಳದಿಂದ ಮನೆಯಂಗಳಕ್ಕೆ ಕುಣಿಯುತ್ತಾ ಹೋಗ್ತಾರೆ. ಮನೆಯವರು ಅಕ್ಕಿ, ಕಾಯಿ, ಕಾಸು ಕೊಡ್ತಾರೆ. ಈ ಸುಗ್ಗಿಯ ಬಾಲಕ್ಕೇ ಅಂಟಿಕೊಂಡು ಬರೋದು ಹಗರಣ. ಸಣ್ಣವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು ಇನ್ನೂ ಕಣ್ಣಲ್ಲಿದೆ. ರಸ್ತೆಯ ಎರಡೂ ಬದಿ ಜನವೋ ಜನ. ನಿನ್ನೆಯವರೆಗೆ ಗದ್ದೆಯಲ್ಲಿದ್ದವರು ಇವತ್ತು ಪೊಲೀಸು, ಡಾಕ್ಟ್ರು, ಸಾಹೇಬ. ಒಬ್ಬ ‘ಆಫೀಸರ್’ ನಮ್ಮಪ್ಪನನ್ನೇ ತಡೆದು ಕಾಗದಪತ್ರ ಕೇಳಿ, ಇಲ್ಲ ಅಂದಿದ್ದಕ್ಕೆ ಕೈ ಚಾಚಿದ. ನಕ್ಕೂ ನಕ್ಕೂ ಅಪ್ಪನ ಹೆಗಲು ಅಲ್ಲಾಡಿ ನಾನು ಬೀಳೋದೊಂದು ಬಾಕಿ.

ಹ್ಯಾಲೋವೀನ್ ಕೂಡ ಮೊದಲು ಹೀಗೇ ಇತ್ತು ಅನ್ನೋದು ಸ್ವಾರಸ್ಯ. ಸ್ಕಾಟ್ಲೆಂಡ್, ಐರ್ಲೆಂಡ್ ಹಳ್ಳಿಗಳಲ್ಲಿ ವೇಷ ಹಾಕಿದ ಮಕ್ಕಳು ಮನೆಬಾಗಿಲಿಗೆ ಹೋಗಿ ಹಾಡೋ ಪದ್ಯವೋ ಹೇಳಬೇಕಿತ್ತು, ಆಮೇಲೇ ತಿಂಡಿ. ವಲಸೆ ಹೋದವರು ಅದನ್ನು ಅಮೆರಿಕಕ್ಕೆ ಒಯ್ದರು, ನಮ್ಮ ಆಫೀಸು ಅಲ್ಲಿಂದ ತರಿಸಿಕೊಂಡಿತು. ದಾರಿಯಲ್ಲಿ ಏನೋ ಉದುರಿಹೋಗಿದೆ. ಆ ರಾತ್ರಿ ಇಡೀ ಹಾಲ್‌ನಲ್ಲಿ ದೆವ್ವಗಳಿದ್ದವು, ಒಬ್ಬರೂ ಮ್ಯಾನೇಜರ್ ವೇಷ ಹಾಕಿರಲಿಲ್ಲ. ಅಪ್ರೈಸಲ್ ಹತ್ರ ಇತ್ತು, ಯಾರಿಗೆ ಬೇಕು!

ಬೆಳಂಬಾರದ ಸುಗ್ಗಿ ತಂಡ ಅಂಕೋಲೆಯ ತಹಶೀಲ್ದಾರ್ ಕಚೇರಿ ಮುಂದೆ ಕುಣಿಯುವ ವಾಡಿಕೆ ಇದೆ. ಬ್ರಿಟಿಷರ ಕಾಲದ್ದು ಅಂತ ಹಿರಿಯರು ಹೇಳ್ತಾರೆ. ಆಗ ನಾವು ಬಾಂಬೆ ಪ್ರೆಸಿಡೆನ್ಸಿಯಲ್ಲಿದ್ದೆವು. 1862ರಲ್ಲಿ ಉತ್ತರ ಕೆನರಾವನ್ನು ಅಲ್ಲಿಗೆ ಸೇರಿಸಿದ್ದರು. ಕಂದಾಯ ವಸೂಲಿ ಮಾಡುವ ಕಚೇರಿಯ ಅಂಗಳದಲ್ಲೇ, ಬೆಳೆ ಬೆಳೆದವರ ಗುಮಟೆ. ಇದಕ್ಕಿಂತ ಒಳ್ಳೆಯ ಸ್ಟೇಜ್ ಎಲ್ಲಿ ಸಿಗುತ್ತೆ ಹೇಳಿ. ಹಾಗಂತ ಹಗರಣವನ್ನು ಬರೀ ಬಂಡಾಯ ಅಂತ ಹಾಡಿ ಹೊಗಳೋದೂ ಬೇಡ. ಮೇಲಿನವರನ್ನು ಕಾಡಿದ ನಾಲಿಗೆಯೇ ಭಿಕ್ಷುಕರನ್ನೂ ಹೆಂಗಸರನ್ನೂ ಆಡಿಕೊಂಡದ್ದನ್ನು ನಾನು ನೋಡಿದ್ದೇನೆ, ನಕ್ಕಿದ್ದೇನೆ ಕೂಡ.

ಎರಡೂ ಹಗರಣಗಳು ಒಂದೇ ತಾಲೂಕಿನಲ್ಲಿ ಮುಖಾಮುಖಿಯಾಗಿದ್ದು 2010ರಲ್ಲಿ. ಅಂಕೋಲಾ ತಾಲೂಕಿನದೇ ಬೇಲೇಕೇರಿ ಬಂದರು. ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಅಲ್ಲಿಂದ ಹಡಗು ಹತ್ತಿ ಮಾಯ. ಜಪ್ತಿ ಮಾಡಿದ ಅಧಿಕಾರಿ ಆರ್. ಗೋಕುಲ್ ಅವರನ್ನೇ ಅಮಾನತು ಮಾಡಲು ಹೊರಟಾಗ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು (ಆಮೇಲೆ ಹಿಂತೆಗೆದುಕೊಂಡರು). ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. ಮುಂದಿನ ತಿಂಗಳೇ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಹದಿನಾಲ್ಕು ವರ್ಷ! ಸುಗ್ಗಿ ಹಗರಣದವರಿಗೆ ತೀರ್ಪು ಕೊಡೋಕೆ ಒಂದೇ ರಾತ್ರಿ ಸಾಕು. ಶಿಕ್ಷೆ ಅಂದ್ರೆ ಊರೆಲ್ಲ ನಗೋದು, ಅಷ್ಟೇ. ಅದಕ್ಕೆ ಅಪೀಲಿಲ್ಲ.

ಇನ್ನು ಗುಮಟೆಯ ಕಥೆ ಬೇರೆ. ಮಣ್ಣಿನ ಮಡಕೆಯ ಬಾಯಿಗೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಪಕ್ಕದ ಗೋವಾ ಆಡಿನ ಚರ್ಮ ಹಚ್ಚಿಸಿ, 2019ರಲ್ಲಿ ಅದೇ ವಾದ್ಯವನ್ನು ‘ಘುಮಟ್’ ಎಂದು ರಾಜ್ಯದ ಪಾರಂಪರಿಕ ವಾದ್ಯ ಅಂತ ಘೋಷಿಸಿಬಿಟ್ಟಿತು. ಗುಮಟೆಗೆ ಹಾಡು ಹೊಂದಿಸಿಕೊಂಡೇ ಬಾಳಿದವರು ಬಡಗೇರಿಯ ಸುಕ್ರಿ ಬೊಮ್ಮಗೌಡ. 2017ರಲ್ಲಿ ಪದ್ಮಶ್ರೀ ಬಂತು. ಅವರು ಹಾಡಿದಷ್ಟೇ ಗಟ್ಟಿಯಾಗಿ ಸಾರಾಯಿ ವಿರುದ್ಧವೂ ಕೂಗಿದರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಕೇಳ್ತಾ ಕೇಳ್ತಾನೇ 2025ರ ಫೆಬ್ರವರಿಯಲ್ಲಿ ಹೋಗಿಬಿಟ್ಟರು. ಸುಗ್ಗಿಗೆ ಇನ್ನೊಂದೇ ತಿಂಗಳಿತ್ತು.

ಮುಂದಿನ ಹೋಳಿಗೆ ಗೆಳೆಯ ಬರ್ತೀನಿ ಅಂದಿದ್ದಾನೆ. ಬೆಂಗಳೂರಿಂದ ಕಾರವಾರದ ಟ್ರೇನು ಅಂಕೋಲೆಯಲ್ಲೂ ನಿಲ್ಲುತ್ತೆ, ತೊಂದರೆ ಇಲ್ಲ. ರಜೆ ಅರ್ಜಿಯಲ್ಲಿ ಕಾರಣ ‘ಹಗರಣ’ ಅಂತ ಮಾತ್ರ ಬರೀಬೇಡ ಮಾರಾಯ ಅಂತ ಹೇಳಿದ್ದೇನೆ.