ಜಾವಾ 250 ಮತ್ತು ಯೆಜ್ಡಿ ರೋಡ್‌ಕಿಂಗ್

ಜಾವಾ 250 ಮತ್ತು ಯೆಜ್ಡಿ ರೋಡ್‌ಕಿಂಗ್ ಮೈಸೂರಿನ ಐಡಿಯಲ್ ಜಾವಾ ಸಂಸ್ಥೆಯು ತಯಾರಿಸಿದ ಎರಡು ಮೋಟಾರ್‌ಸೈಕಲ್‌ಗಳು. ಎರಡಕ್ಕೂ ಗಾಳಿಯನ್ನು ಸೀಳುವ ಹೊರಕವಚವಿಲ್ಲ. ಎಂಜಿನ್ ತೆರೆದೇ ಇರುತ್ತದೆ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯೊಂದಿಗೆ 1961ರಲ್ಲಿ ಯಾದವಗಿರಿಯಲ್ಲಿ ಉತ್ಪಾದನೆ ಆರಂಭವಾಯಿತು. 1973ರಿಂದ ವಾಹನಗಳು ಯೆಜ್ಡಿ ಹೆಸರಿನಲ್ಲಿ ಬಂದವು. ರೋಡ್‌ಕಿಂಗ್ 1978ರಲ್ಲಿ ಬಿಡುಗಡೆಯಾಯಿತು.

ಕಾರ್ಯಕ್ಷಮತೆ

ಎರಡರಲ್ಲಿಯೂ 248.5 ಸಿಸಿ ಸಾಮರ್ಥ್ಯದ, ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ ಹಾಗೂ ನಾಲ್ಕು ಗೇರುಗಳಿವೆ. ಜಾವಾದ ಶಕ್ತಿ ಸುಮಾರು 12 ಅಶ್ವಶಕ್ತಿ, ರೋಡ್‌ಕಿಂಗ್‌ನದು 16. ಜಾವಾದ 16 ಇಂಚಿನ ಚಕ್ರಗಳಿಗೆ ಬದಲಾಗಿ ರೋಡ್‌ಕಿಂಗ್‌ಗೆ 18 ಇಂಚಿನ ಚಕ್ರಗಳಿದ್ದುದರಿಂದ ಹಾಳಾದ ರಸ್ತೆಗೆ ಅದೇ ಮೇಲು.

ದೈನಂದಿನ ಬಳಕೆ

ಎರಡಕ್ಕೂ ಪೆಟ್ರೋಲಿನಲ್ಲಿ ಎಣ್ಣೆಯನ್ನು ಬೆರೆಸಿಯೇ ತುಂಬಬೇಕು. ಕಿಕ್ ಹೊಡೆಯುವ ಸನ್ನೆಯೇ ಗೇರಿನ ಸನ್ನೆಯೂ ಆಗಿರುವುದು ಹೊಸಬರನ್ನು ತಬ್ಬಿಬ್ಬುಗೊಳಿಸುತ್ತದೆ. ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಜೋಗದ ಕಡೆಗೆ ಏರುವ ಘಟ್ಟದಂತಹ ದಾರಿಯಲ್ಲಿ ರೋಡ್‌ಕಿಂಗ್‌ನ ಹೆಚ್ಚುವರಿ ಶಕ್ತಿ ಉಪಯೋಗಕ್ಕೆ ಬರುತ್ತದೆ. ಇಳಿಯುವಾಗ ಮಾತ್ರ ಎರಡರ ಸವಾರರೂ ಎಚ್ಚರ ವಹಿಸಬೇಕು: ಎಣ್ಣೆ ಪೆಟ್ರೋಲಿನೊಡನೆಯೇ ಎಂಜಿನ್ನಿಗೆ ಹೋಗುವುದರಿಂದ, ಥ್ರಾಟಲ್ ಮುಚ್ಚಿಕೊಂಡು ಗೇರಿನಲ್ಲಿಯೇ ದೀರ್ಘಕಾಲ ಇಳಿದರೆ ಎಂಜಿನ್ನಿಗೆ ಎಣ್ಣೆ ಸಾಲದೆ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ. ಆದ್ದರಿಂದ ಆಗಾಗ ಥ್ರಾಟಲ್ ತಿರುವುವುದು ರೂಢಿ. ಟೂ-ಸ್ಟ್ರೋಕ್‌ನಲ್ಲಿ ಎಂಜಿನ್‌ನ ತಡೆ ಕಡಿಮೆಯಾದ್ದರಿಂದ ಡ್ರಮ್ ಬ್ರೇಕುಗಳ ಮೇಲಿನ ಹೊರೆಯೂ ಹೆಚ್ಚು.

ಪೇಟೆಯ ನಿಧಾನ ಸಂಚಾರಕ್ಕೆ ಜಾವಾ ಹೆಚ್ಚು ಹಿತಕರ. ಗೇರ್ ಬದಲಿಸುವಾಗ ಅದರ ಕ್ಲಚ್ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಇಂಧನ ಮಿತವ್ಯಯದಲ್ಲಿ ಎರಡೂ 1980ರ ದಶಕದ 100 ಸಿಸಿ ಫೋರ್-ಸ್ಟ್ರೋಕ್ ವಾಹನಗಳಿಗೆ ಸಾಟಿಯಾಗಲಿಲ್ಲ. ಕಾರ್ಖಾನೆಯು 1996ರಲ್ಲಿ ಮುಚ್ಚಿತು.